ಹುಲಿಕಲ್ ಘಾಟಿಯ ನೀರು, ಮನೆಯ ದೀಪ

ಕೆಳದಿ ಅರಸರ ರಾಜಧಾನಿಯಾಗಿದ್ದ ಬಿದನೂರು ನಗರದ ಕೋಟೆಯನ್ನು ನೋಡಲು ಬರುವ ನಮ್ಮ ಸಮಾಜಬಾಂಧವರಲ್ಲಿ ಅನೇಕರು, ಹಾಗೆಯೇ ಮಾಸ್ತಿಕಟ್ಟೆಯ ಮಾರ್ಗವಾಗಿ ಹುಲಿಕಲ್ಲಿಗೆ ಬಂದು, ಚಂಡಿಕಾಂಬೆಗೆ ಕೈಮುಗಿದು ಘಾಟಿ ಇಳಿಯುತ್ತಾರೆ. ಅದೇ ಬೆಟ್ಟದ ಒಡಲಿನಲ್ಲಿ ವಾರಾಹಿ ನದಿಯ ನೀರೂ ಇಳಿಯುತ್ತಿರುವುದು ಎಲ್ಲರಿಗೂ ತಿಳಿದಿರಲಾರದು. ಮಾಣಿ ಅಣೆಕಟ್ಟೆಯಲ್ಲಿ ತಡೆದ ಆ ನೀರು ಹೊಸಂಗಡಿಯ ಭೂಗತ ವಿದ್ಯುದಾಗಾರಕ್ಕೆ ಧುಮುಕಿ ವಿದ್ಯುತ್ತಾಗುತ್ತದೆ. ಮೊದಲು 230 ಮೆಗಾವಾಟ್ ಇದ್ದ ಅದರ ಸಾಮರ್ಥ್ಯ 2009ರಲ್ಲಿ 460 ಮೆಗಾವಾಟಿಗೆ ಏರಿತು.

ಮೈಸೂರು ಸೀಮೆಗೆ ವಿದ್ಯುತ್ತು ಬಂದದ್ದೇ ನೀರಿನಿಂದ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿಯಿತು. ಬೆಂಗಳೂರಿನ ಬೀದಿ ದೀಪಗಳು ಬೆಳಗಿದ್ದು 1905ರಲ್ಲಿ. ಮನೆಗಿಂತ ಗಣಿಗೆ ಮೊದಲ ಮಣೆ! ಅನಂತರ ಜೋಗ, 1964ರಲ್ಲಿ ಲಿಂಗನಮಕ್ಕಿ. 1035 ಮೆಗಾವಾಟಿನ ಶರಾವತಿ ವಿದ್ಯುದಾಗಾರ ದಶಕಗಳ ಕಾಲ ನಾಡಿಗೆ ಆಧಾರಸ್ತಂಭವಾಯಿತು. ಚಕ್ರಾ, ಸಾವೆಹಕ್ಲು ಜಲಾಶಯಗಳ ನೀರನ್ನೂ ಅದಕ್ಕೇ ತಿರುಗಿಸಲಾಯಿತು.

ಆದರೆ ಆ ಬೆಳಕಿಗಾಗಿ ಸಾಗರ, ಹೊಸನಗರ ಸೀಮೆಯ ಗದ್ದೆ, ತೋಟ, ದೇವಸ್ಥಾನಗಳು ಮುಳುಗಿದವು. ಒಕ್ಕಲೆದ್ದ ಕುಟುಂಬಗಳು ಶಿವಮೊಗ್ಗ ಜಿಲ್ಲೆಯ ನಾನಾ ಕಡೆ ಕಾಡಿನಂಚಿನಲ್ಲಿ ನೆಲೆ ನಿಂತವು. ಅವುಗಳಲ್ಲಿ ಅನೇಕವುಗಳ ಹಕ್ಕುಪತ್ರದ ಪ್ರಶ್ನೆ ಆರು ದಶಕಗಳು ಕಳೆದರೂ ಇತ್ಯರ್ಥವಾಗಿಲ್ಲ. ದಾಸೋಹವೆಂದರೆ ಮನಸಾರೆ ಅರ್ಪಿಸುವುದು. ಈ ಕುಟುಂಬಗಳನ್ನು ಯಾರೂ ಕೇಳಿ ಪಡೆಯಲಿಲ್ಲ. ಆದುದರಿಂದ ಇದನ್ನು ತ್ಯಾಗವೆಂದು ಹೊಗಳಿ ಸುಮ್ಮನಾಗುವುದು ನಮಗೆ ಸಲ್ಲದು. ಇದು ನಾವು ತೀರಿಸಬೇಕಾದ ಋಣ.

ಮಳೆ ಕೈಕೊಟ್ಟ ವರ್ಷಗಳಲ್ಲಿ ನೀರನ್ನೊಂದೇ ನಂಬಿದ ನಾಡು ಕತ್ತಲಲ್ಲಿ ಕುಳಿತುಕೊಳ್ಳಬೇಕಾಗುತ್ತಿತ್ತು. ಅದಕ್ಕಾಗಿ 1985ರಲ್ಲಿ ರಾಯಚೂರಿನ ಶಾಖೋತ್ಪನ್ನ ಸ್ಥಾವರ ಬಂದಿತು, ಅನಂತರ ಬಳ್ಳಾರಿಯದು. ಅಲ್ಲಿ ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು ಮುಕ್ಕಾಲು ಕಿಲೋ ಕಲ್ಲಿದ್ದಲು ಉರಿಯಬೇಕು. ಅದರಲ್ಲಿ ಮೂರನೆಯ ಒಂದು ಭಾಗದಷ್ಟು ಬೂದಿಯಾಗಿ ಉಳಿಯುತ್ತದೆ. ನಮ್ಮ ಹಣೆಯ ವಿಭೂತಿಯಂಥದಲ್ಲ ಅದು. ಸುತ್ತಲಿನ ಊರುಗಳ ಉಸಿರಿಗೆ ಸೇರುವ ಬೂದಿ.

ಈಚೆಗೆ ಬಿಸಿಲು, ಗಾಳಿ ಕೈಹಿಡಿದಿವೆ. ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2050 ಮೆಗಾವಾಟಿನ ಸೌರ ಉದ್ಯಾನ ಎದ್ದಿದೆ. ಅಲ್ಲಿನ ವಿಶೇಷವೆಂದರೆ ರೈತರು ಭೂಮಿಯನ್ನು ಮಾರಲಿಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಕೊಟ್ಟರು. ಭೂಮಿ ಇಲ್ಲದ ಕೂಲಿಕಾರರಿಗೆ ಆ ಗುತ್ತಿಗೆಯಿಂದ ಏನೂ ದಕ್ಕಲಿಲ್ಲವೆಂಬುದು ನಿಜ. ಆದರೂ ಲಿಂಗನಮಕ್ಕಿಯ ಸಂತ್ರಸ್ತರಿಗೆ ಇಷ್ಟಾದರೂ ಸಿಕ್ಕಿದ್ದರೆ ಎಂದು ಮನಸ್ಸು ಮರುಗುತ್ತದೆ.

ಸೂರ್ಯ ಮುಳುಗಿದೊಡನೆ ಸೌರ ವಿದ್ಯುತ್ತು ನಿಲ್ಲುತ್ತದೆ. ಸಂಜೆ ದೇವರ ಮುಂದೆ ದೀಪ ಹಚ್ಚಿ, ಮಕ್ಕಳು ಪುಸ್ತಕ ಹಿಡಿಯುವ ಹೊತ್ತಿಗೆ ಮತ್ತೆ ನೀರೋ ಕಲ್ಲಿದ್ದಲೋ ಬೇಕು. ಹಗಲಿನ ವಿದ್ಯುತ್ತಿನಿಂದ ನೀರನ್ನು ಮೇಲಕ್ಕೆತ್ತಿ ಸಂಜೆ ಕೆಳಗೆ ಬಿಡುವ 2000 ಮೆಗಾವಾಟಿನ ಯೋಜನೆಯನ್ನು ಶರಾವತಿ ಕಣಿವೆಗೆ ರೂಪಿಸಿರುವುದು ಇದೇ ಕಾರಣಕ್ಕೆ. ಕಾಡು ಕಡಿಯಬೇಕಾಗುವುದೆಂದು ಮಲೆನಾಡಿನವರು ಅದನ್ನು ವಿರೋಧಿಸುತ್ತಿದ್ದಾರೆ. ಒಮ್ಮೆ ಮುಳುಗಡೆ ಕಂಡವರ ಈ ಭಯವನ್ನು ಅಭಿವೃದ್ಧಿಯ ವಿರೋಧವೆಂದು ತಳ್ಳಿಹಾಕುವುದು ನ್ಯಾಯವಲ್ಲ.

ಇನ್ನು ಮನೆಯ ಮಾತು. 60 ವಾಟಿನ ಹಳೆಯ ಬಲ್ಬು ಹದಿನಾರು ಹದಿನೇಳು ಗಂಟೆಗಳಲ್ಲಿ ಒಂದು ಯೂನಿಟ್ ಮುಗಿಸಿದರೆ, 9 ವಾಟಿನ ಎಲ್‌ಇಡಿ ಅಷ್ಟರಲ್ಲೇ ನೂರು ಗಂಟೆಗೂ ಮಿಗಿಲಾಗಿ ಬೆಳಗುತ್ತದೆ. ಮಠದ ಪ್ರಸಾದನಿಲಯಗಳಲ್ಲಿ, ಕಲ್ಯಾಣಮಂಟಪಗಳಲ್ಲಿ ರಾತ್ರಿಯಿಡೀ ಉರಿಯುವ ದೀಪಗಳನ್ನು ಒಮ್ಮೆ ಎಣಿಸಿ ನೋಡಬಹುದು.