ಬರಿಗೋಡೆಗಳ ನಡುವೆ ಸಂಗೀತ

ಸಂಸಾರದಲ್ಲಿ ಮುಗ್ಗಟ್ಟು ತಲೆದೋರಿದೊಡನೆ ಯಜಮಾನನು ಲೆಕ್ಕದ ಪುಸ್ತಕವನ್ನು ಮುಂದಿಟ್ಟುಕೊಂಡು ಮೊದಲು ಹೊಡೆದುಹಾಕುವ ಬಾಬು ಯಾವುದು? ಅಕ್ಕಿಬೇಳೆಗಳನ್ನು ಬಿಡುವಂತಿಲ್ಲ, ಹಾಲಿನವನ ಬಾಕಿಯನ್ನು ತಡೆಯುವಂತಿಲ್ಲ, ಆದಕಾರಣ ಮಗಳ ಸಂಗೀತದ ಪಾಠವೇ ನಿಲ್ಲುವುದು. ಮೂವತ್ತು ವರ್ಷಗಳಿಗೂ ಮಿಗಿಲಾಗಿ ಉಪಾಧ್ಯಾಯವೃತ್ತಿಯಲ್ಲಿದ್ದ ನಾವು ಇದನ್ನು ಅನೇಕ ಮನೆಗಳಲ್ಲಿ ಕಂಡಿದ್ದೇವೆ. ನಮ್ಮ ಮನೆಯಲ್ಲಿಯೂ ಒಂದು ವರ್ಷ ಹೀಗೆಯೇ ಮಾಡಿದೆವೆಂಬುದನ್ನು ವಾಚಕರಿಂದ ಮುಚ್ಚಿಡಲಾರೆವು. ಸಂಗೀತವು ಸುಖಕಾಲದ ಒಡವೆಯೋ, ಕಷ್ಟಕಾಲದ ಬುತ್ತಿಯೋ ಎಂಬ ಪ್ರಶ್ನೆಗೆ ಲಂಡನ್ ನಗರವು ಎರಡನೆಯ ಮಹಾಯುದ್ಧದಲ್ಲಿ ಕೊಟ್ಟ ಉತ್ತರವನ್ನು ಇಲ್ಲಿ ನಿವೇದಿಸುತ್ತೇವೆ.

1939ನೆಯ ಇಸವಿ ಸೆಪ್ಟೆಂಬರ್ 3ರಂದು ಬ್ರಿಟನ್ ದೇಶವು ಜರ್ಮನಿಯ ಮೇಲೆ ಯುದ್ಧವನ್ನು ಸಾರಿತು. ಬಾಂಬಿನ ಭಯದಿಂದ ಸರ್ಕಾರದವರು ನಾಟಕಶಾಲೆ, ಸಿನಿಮಾಮಂದಿರ, ಸಂಗೀತಮಂದಿರಗಳನ್ನು ಮುಚ್ಚಿಸಿದರು. ರಾತ್ರಿಯ ವೇಳೆ ಮನೆಯ ದೀಪದ ಬೆಳಕು ಹೊರಕ್ಕೆ ಕಾಣುವಂತಿರಲಿಲ್ಲ. ಟ್ರಾಫಲ್ಗರ್ ಚೌಕದಲ್ಲಿರುವ ನ್ಯಾಷನಲ್ ಗ್ಯಾಲರಿಯೆಂಬ ಪ್ರಸಿದ್ಧ ಚಿತ್ರಶಾಲೆಯ ಅಮೂಲ್ಯ ಚಿತ್ರಗಳನ್ನು ವೇಲ್ಸ್ ಪ್ರಾಂತಕ್ಕೆ ಸಾಗಿಸಿದ್ದರು. ಅಲ್ಲಿ ಉಳಿದಿದ್ದುವು ಬರಿಯ ಗೋಡೆಗಳು.

ಆಗ ಮೈರಾ ಹೆಸ್ (1890–1965) ಎಂಬ ಪಿಯಾನೋ ವಿದುಷಿಯು ತಮ್ಮ ಅಮೆರಿಕಾ ಪ್ರವಾಸವನ್ನು ಕೈಬಿಟ್ಟು, ಈ ಶೂನ್ಯಶಾಲೆಯಲ್ಲಿ ಕಚೇರಿಗಳನ್ನು ನಡೆಸಬಹುದೆ ಎಂದು ಅದರ ಮುಖ್ಯಾಧಿಕಾರಿಗಳಾದ ಕೆನೆತ್ ಕ್ಲಾರ್ಕರನ್ನು ಕೇಳಿದರು. ಎಂದೋ ಒಮ್ಮೆ ಏಕೆ, ಪ್ರತಿದಿನವೂ ನಡೆಯಲಿ ಎಂಬುದು ಕ್ಲಾರ್ಕರ ಅಭಿಪ್ರಾಯವಾಯಿತು. ಅಕ್ಟೋಬರ್ 10ರಂದು ಮಧ್ಯಾಹ್ನ 1 ಘಂಟೆಗೆ ಮೊದಲನೆಯ ಕಚೇರಿ. ಸುಮಾರು 1000 ಮಂದಿ ಸಾಲುಗಟ್ಟಿ ಬಂದರು. ಅಂದು ಮೈರಾ ಹೆಸ್ಸರು ತಾವೇ ಪಿಯಾನೋ ನುಡಿಸಿದರು. ಅಲ್ಲಿಂದ ಮುಂದೆ ಸೋಮವಾರದಿಂದ ಶುಕ್ರವಾರದ ವರೆಗೆ ದಿನಕ್ಕೊಂದರಂತೆ ಕಚೇರಿಗಳು ಸಾಗಿದುವು. ಪ್ರವೇಶಧನ ಒಂದು ಷಿಲಿಂಗು. ಅಂದಿನ ನಮ್ಮ ನಾಣ್ಯದಲ್ಲಿ ಸುಮಾರು 11 ಆಣೆ. ಕೆಲಸದ ನಡುವೆ ಊಟದ ಬಿಡುವಿನಲ್ಲಿ ಬರುವವರಿಗೆ ತಿನಿಸಿನ ಅಂಗಡಿಯೂ ಅಲ್ಲಿತ್ತು. ಪಡಿತರದ ಆ ದಿನಗಳಲ್ಲಿ ಅಲ್ಲಿಯ ಜೇನುತುಪ್ಪ ಒಣದ್ರಾಕ್ಷಿಗಳ ಸ್ಯಾಂಡ್‌ವಿಚ್ ಬಹಳ ಹೆಸರು ಪಡೆಯಿತು.

ಈ ಕಚೇರಿಗಳಲ್ಲಿ ಬಹುಭಾಗ ಪಾಶ್ಚಾತ್ಯರು ಛೇಂಬರ್ ಮ್ಯೂಸಿಕ್ ಎನ್ನುವ ಕೊಠಡಿಯ ಸಂಗೀತ. ಸಂಸ್ಕೃತದ ಗೋಷ್ಠಿ ಎಂಬ ಶಬ್ದವು ಇದಕ್ಕೆ ಚೆನ್ನಾಗಿ ಒಪ್ಪುವುದು. ನೂರು ವಾದ್ಯಗಳ ಮಹಾಮೇಳವಲ್ಲ. ಇಬ್ಬರು, ಮೂವರು, ಹೆಚ್ಚೆಂದರೆ ಏಳೆಂಟು ಮಂದಿ ವಾದಕರು. ಒಬ್ಬೊಬ್ಬರಿಗೂ ಬೇರೆಬೇರೆಯ ಪಾಠ. ಎದುರಿಗೆ ನಿಂತು ಕೋಲಾಡಿಸುವ ನಾಯಕನಿಲ್ಲ. ಇವುಗಳಲ್ಲಿ ಮುಖ್ಯವಾದುದು ತಂತೀವಾದ್ಯಗಳ ಚತುಷ್ಟಯ: ಎರಡು ಪಿಟೀಲು, ಅವಕ್ಕಿಂತ ಸ್ವಲ್ಪ ದೊಡ್ಡದಾದ ಒಂದು ವಯೋಲಾ, ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು ನುಡಿಸುವ ಒಂದು ಚೆಲ್ಲೊ. ಹದಿನೆಂಟನೆಯ ಶತಮಾನದಲ್ಲಿ ಹೈಡನ್ (1732–1809) ಮಹಾಶಯನು ಇದನ್ನು ಬೆಳೆಸಿದನು. ಮೊಟ್ಟಮೊದಲು ಇದು ಮನೆಗಳಲ್ಲಿಯೂ ಅರಮನೆಯ ಕೊಠಡಿಗಳಲ್ಲಿಯೂ ಕೆಲವರೇ ಕುಳಿತು ಕೇಳಿದ ಸಂಗೀತ. ಒಂದೇ ಮನೆಯ ನಾಲ್ವರು ಜಗಲಿಯಲ್ಲಿ ಕುಳಿತು, ಒಬ್ಬರ ಮಾತನ್ನು ಇನ್ನೊಬ್ಬರು ಎತ್ತಿಕೊಂಡು, ಕೆಲವೊಮ್ಮೆ ವಾದಿಸಿ, ಕಡೆಗೆ ಒಂದಾಗುವಂತೆ ಇದರ ನಡೆ. ಒಬ್ಬರು ಕಿವಿಗೊಡದಿದ್ದರೂ ಮಿಕ್ಕವರ ಕೆಲಸ ಕೆಡುವುದು.

ಅಲ್ಲಿ ನುಡಿಸಿದ ಕೃತಿಗಳು ಯಾರವೆಂಬುದನ್ನು ಗಮನಿಸಬೇಕು. ಬಾಖ್, ಬೀಥೋವನ್, ಷೂಮನ್, ಬ್ರಾಮ್ಸ್ ಎಂಬವರೆಲ್ಲರೂ ಯಾವ ದೇಶದ ವಿಮಾನಗಳು ಬಾಂಬುಗಳನ್ನು ಸುರಿಸುತ್ತಿದ್ದುವೋ ಆ ಜರ್ಮನಿಯಲ್ಲಿಯೇ ಹುಟ್ಟಿದವರು. ಆದರೂ ಆ ಕೃತಿಗಳನ್ನು ಹೊರಗಿಡಲಿಲ್ಲ. ಕೇಳಲು ಬಂದವರೂ ಹಿಂದಿರುಗಲಿಲ್ಲ. ಹಗೆಯ ನಡುವೆಯೂ ವಿದ್ಯೆಯನ್ನು ವಿದ್ಯೆಯೆಂದೇ ಗೌರವಿಸಿದ ಈ ನಡತೆಯನ್ನು ನಮ್ಮ ಮಕ್ಕಳಿಗೆ ತಿಳಿಸತಕ್ಕುದಾಗಿದೆ.

1940ರ ಸೆಪ್ಟೆಂಬರಿನಿಂದ ಲಂಡನ್ ಮೇಲೆ ರಾತ್ರಿರಾತ್ರಿಯೂ ಬಾಂಬಿನ ಮಳೆಯಾಯಿತು. ಕಚೇರಿಗಳು ನೆಲಮಾಳಿಗೆಗೆ ಇಳಿದುವೇ ಹೊರತು ನಿಲ್ಲಲಿಲ್ಲ. ಅಕ್ಟೋಬರಿನಲ್ಲಿ, ಬಿದ್ದು ಸಿಡಿಯದೆ ಉಳಿದಿದ್ದ ಒಂದು ಬಾಂಬು ಕಟ್ಟಡದಲ್ಲಿಯೇ ಕಂಡುಬಂದಿತು. ಅಂದಿನ ಕಚೇರಿಯನ್ನು ದೂರದ ಕೊಠಡಿಗೆ ಬದಲಾಯಿಸಿದರು. ಬೀಥೋವನನ ಚತುಷ್ಟಯವು ನಡೆಯುತ್ತಿರುವಾಗಲೇ ಬಾಂಬು ಭಯಂಕರವಾಗಿ ಸಿಡಿಯಿತು. ನಾಲ್ವರು ವಾದಕರೂ ಲಯ ತಪ್ಪದೆ ನುಡಿಸುತ್ತ ಹೋದರು.

ಹಣದ ಏರ್ಪಾಡೂ ಮೆಚ್ಚತಕ್ಕುದೇ. ಹೆಸರಾಂತ ವಿದ್ವಾಂಸರಿಗೂ, ಆಗತಾನೆ ವೇದಿಕೆ ಹತ್ತಿದ ತರುಣರಿಗೂ ಒಂದೇ ಸಂಭಾವನೆ, 5 ಗಿನಿ. ಮೈರಾ ಹೆಸ್ಸರು ತಮಗಾಗಿ ಏನನ್ನೂ ತೆಗೆದುಕೊಳ್ಳಲಿಲ್ಲ. ಮಿಕ್ಕ ಹಣವು ಕಷ್ಟದಲ್ಲಿದ್ದ ಸಂಗೀತಗಾರರ ಸಹಾಯನಿಧಿಗೆ ಸಂದಿತು. ಚಿತ್ರಗಳಿಲ್ಲದ ಆ ಶಾಲೆಗೆ 1942ರಿಂದ ತಿಂಗಳಿಗೊಂದು ಚಿತ್ರವನ್ನು ತರಿಸಿ ಜನರಿಗೆ ತೋರಿಸುವ ಪದ್ಧತಿಯೂ ಬಂದಿತು. ಸಂಗೀತಕ್ಕಾಗಿ ಬಂದವರು ಒಂದೇ ಒಂದು ಚಿತ್ರದ ಮುಂದೆ ನಿಂತು ಕಣ್ತುಂಬ ನೋಡಿ ಹೋಗುವುದಕ್ಕೆ ಹೀಗೆ ಅನುಕೂಲವಾಯಿತು.

1946ರ ಏಪ್ರಿಲ್ 10ರಂದು ಕಡೆಯ ಕಚೇರಿ ನಡೆಯುವ ವೇಳೆಗೆ ಒಟ್ಟು 1,698 ಕಚೇರಿಗಳು ಆಗಿದ್ದುವು. ಕೇಳಿದವರ ಲೆಕ್ಕ 8,24,152. ನಮ್ಮ ಹಳೆಯ ವೃತ್ತಿಯ ಅಭ್ಯಾಸದಂತೆ ಭಾಗಿಸಿ ನೋಡಿದೆವು: ಕಚೇರಿಗೆ ಸರಾಸರಿ 485 ಮಂದಿ. ಬಟ್ಟೆಗೂ ಬೆಣ್ಣೆಗೂ ಚೀಟಿ ಹಿಡಿದು ನಿಲ್ಲುತ್ತಿದ್ದ ಜನರೇ ಒಂದು ಷಿಲಿಂಗನ್ನು ತೆತ್ತು ಇದಕ್ಕೂ ಸಾಲಿನಲ್ಲಿ ನಿಂತರು. ಸಂಗೀತವು ಅವರ ಮನೆಗಳನ್ನು ಬಾಂಬಿನಿಂದ ಕಾಪಾಡಲಿಲ್ಲ, ನಿಜ. ಆದರೆ ಭಯದ ದಿನದಲ್ಲಿ ಒಂದು ಘಂಟೆಯ ಕಾಲ ಅವರ ಮನಸ್ಸು ಅವರದಾಗಿಯೇ ಇದ್ದಿತು.

ಇನ್ನು ನಮ್ಮ ಮನೆಯ ಮಾತು. ಪಾಠ ನಿಲ್ಲಿಸಿದ ವರ್ಷ ವೀಣೆಯು ಗವಸಿನೊಳಗೆ ಗೋಡೆಗೊರಗಿತ್ತು. ಉಳಿಸಿದ ಹಣವು ಯಾವ ಬಾಬಿಗೆ ಹೋಯಿತೆಂಬುದು ನಮಗೆ ಈಗ ನೆನಪಿಲ್ಲ. ದೀಪ ಹಚ್ಚುವ ಹೊತ್ತಿನಲ್ಲಿ ಮನೆಯು ಮೌನವಾಗಿರುತ್ತಿದ್ದುದು ನೆನಪಿದೆ. ಮಗಳು ಅದರ ವಿಷಯವಾಗಿ ಒಂದು ಮಾತನ್ನೂ ಆಡದಿದ್ದುದೂ ನೆನಪಿದೆ. ಮರುವರ್ಷ ಪಾಠವನ್ನು ಪುನಃ ಆರಂಭಿಸಿದೆವು. ಬೆರಳುಗಳು ಹಳೆಯ ಹದಕ್ಕೆ ಬರಲು ಬಹುಕಾಲ ಹಿಡಿಯಿತು.

ಆದುದರಿಂದ ಗೃಹಸ್ಥರಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ. ಕಷ್ಟ ಬಂದಾಗ ಖರ್ಚನ್ನು ಕುಗ್ಗಿಸುವುದು ಧರ್ಮವೇ. ವಾರಕ್ಕೆ ಎರಡು ಪಾಠಗಳಿದ್ದರೆ ಒಂದಾಗಲಿ. ಹೊಸ ಪಿಟೀಲು ಕೊಳ್ಳುವ ಬದಲು ಹಳೆಯದಕ್ಕೆ ತಂತಿ ಕಟ್ಟಿಸಿದರಾಯಿತು. ದೊಡ್ಡ ಕಚೇರಿಗೆ ಹೋಗಲಾಗದಿದ್ದರೆ ನೆರೆಹೊರೆಯ ನಾಲ್ವರು ನಡುಮನೆಯಲ್ಲಿ ಕುಳಿತು ಕೇಳಬಹುದು. ಆ ಒಂದು ಬಾಬನ್ನು ಮಾತ್ರ ಪೂರ್ತಿಯಾಗಿ ಹೊಡೆದುಹಾಕದಿರಿ.