ಎರೆಭೂಮಿಗೆ ಕಾಗದದ ಹೂವಿನ ಬೇಲಿ

ರಾಯಚೂರು ನಗರದ ಕಾಂಪೌಂಡ್ ಗೋಡೆಗಳ ಮೇಲೆ, ಏಪ್ರಿಲ್ ತಿಂಗಳ ಉರಿಬಿಸಿಲಿನಲ್ಲಿಯೂ ಮೈತುಂಬ ಬಣ್ಣ ಹೊತ್ತು ನಿಲ್ಲುವ ಮುಳ್ಳುಬಳ್ಳಿಯನ್ನು ತಾವು ನೋಡಿರಬಹುದು. ಇದೇ ಬೋಗನ್‌ವಿಲ್ಲಾ, ಜನರ ಬಾಯಲ್ಲಿ ಕಾಗದದ ಹೂ. ಇದರ ತವರು ದಕ್ಷಿಣ ಅಮೆರಿಕ. ಫ್ರಾನ್ಸಿನ ನಾವಿಕ ಬೋಗನ್‌ವಿಲ್‌ರ ಯಾತ್ರೆಯಲ್ಲಿದ್ದ ಸಸ್ಯಶಾಸ್ತ್ರಜ್ಞ ಕಾಮರ್ಸನ್ 1767ರಲ್ಲಿ ಬ್ರೆಜಿಲ್‌ನಲ್ಲಿ ಇದನ್ನು ಸಂಗ್ರಹಿಸಿದರು. ನಾವು ಎಸಳು ಎಂದುಕೊಳ್ಳುವುದು ಬಣ್ಣ ತಳೆದ ಎಲೆ. ನಿಜವಾದ ಹೂವು ಅಂತಹ ಮೂರು ಎಲೆಗಳ ನಡುವೆ ಇರುವ ಸಣ್ಣ ಕೊಳವೆ. ಬಣ್ಣ ವಾರಗಟ್ಟಲೆ ಉಳಿಯುವುದು ಇದರಿಂದಲೇ.

ತುಂಗಭದ್ರಾ ಎಡದಂಡೆ ನಾಲೆಯ ನೀರು ಹರಿಯುವ ಮಾನ್ವಿಯಲ್ಲಿ, ನಾರಾಯಣಪುರ ಬಲದಂಡೆ ನಾಲೆಯ ನೀರು ಬರುವ ದೇವದುರ್ಗದಲ್ಲಿ ರೈತರು ಕೇಳುವ ಪ್ರಶ್ನೆ ಒಂದೇ: "ಗಿಡ ಹಚ್ಚಿದ್ದೇವೆ, ಬರೀ ಎಲೆ ಬರುತ್ತದೆ, ಹೂವಿಲ್ಲ, ಏಕೆ?" ನೀರು ಹೆಚ್ಚಾದದ್ದೇ ಕಾರಣ. ಭತ್ತದ ಗದ್ದೆಯ ಬದುವಿನಲ್ಲಿ ಸದಾ ತೇವವಿದ್ದರೆ ಬಳ್ಳಿ ಸೊಂಪಾಗಿ ಚಿಗುರುತ್ತಲೇ ಇರುತ್ತದೆ, ಹೂ ಬಿಡುವುದಿಲ್ಲ. ಯೂರಿಯಾವನ್ನೂ ಸುರಿದರೆ ಹೇಳುವುದೇ ಬೇಡ. ನೀರು ನಿಂತ ಎರೆಮಣ್ಣಿನಲ್ಲಂತೂ ಬೇರು ಕೊಳೆತು ಗಿಡವೇ ಹೋಗುತ್ತದೆ. ಸಸಿಯ ಹಣ, ಒಂದು ವರ್ಷದ ದುಡಿಮೆ ಎರಡೂ ನಷ್ಟ. ಆದ್ದರಿಂದ ಬದುವಿನ ಎತ್ತರದ ಭಾಗವನ್ನೇ ಆರಿಸಿರಿ. ಒಂದೂವರೆ ಅಡಿ ಗುಂಡಿಗೆ ಮಸಾರಿ ಮಣ್ಣು, ಮರಳು, ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಿ, ನೆಲಮಟ್ಟಕ್ಕಿಂತ ತುಸು ಏರಿಸಿ ನೆಡಬೇಕು. ಬೇಲಿಗೆ ಗಿಡದಿಂದ ಗಿಡಕ್ಕೆ ಮೂರು ಅಡಿ ಸಾಕು.

ಮುಂಗಾರು ಹಿಡಿದಾಗ ಪೆನ್ಸಿಲ್ ದಪ್ಪದ, ಬಲಿತ, ಒಂದು ಗೇಣುದ್ದದ ಕಡ್ಡಿ ಊರಿದರೆ ಸಾಮಾನ್ಯ ನೇರಳೆ ತಳಿ ಸುಲಭವಾಗಿ ಬೇರು ಬಿಡುತ್ತದೆ. ಒಂದೇ ಗಿಡದಲ್ಲಿ ಬಿಳಿ, ಗುಲಾಬಿ ಎರಡೂ ಬಿಡುವ ಮೇರಿ ಪಾಮರ್ ಅಂಗಳಕ್ಕೆ ಚೆಂದ. ಬೇಲಿಗೆ ಅಷ್ಟು ಖರ್ಚು ಏಕೆ? ಇದರ ಎಳೆ ಬೇರು ಬಹು ನಾಜೂಕು. ಚೀಲ ಹರಿಯುವಾಗ ಮಣ್ಣಿನ ಹೆಂಟೆ ಒಡೆಯದಂತೆ ನೋಡಿಕೊಳ್ಳಿರಿ.

ಮೊದಲ ವರ್ಷ ನೀರುಣಿಸಬೇಕು, ಆಡುಗಳಿಂದ ಕಾಯಬೇಕು. ಎಳೆ ಎಲೆಯನ್ನು ಅವು ಬಿಡುವುದಿಲ್ಲ. ಬೇರು ಆಳಕ್ಕೆ ಇಳಿದ ಮೇಲೆ ನೀರನ್ನು ತಡೆಯಿರಿ. ಎಲೆ ತುಸು ಬಾಡಿದ ನಂತರವೇ ಕೊಡಿರಿ. ನೆರಳು ಕೂಡದು. ಬಳ್ಳಿಗೆ ಹಿಡಿಯುವ ಕುಡಿಗಳಿಲ್ಲದ್ದರಿಂದ ಗೂಟಕ್ಕೆ, ತಂತಿಗೆ ನಾವೇ ಕಟ್ಟಬೇಕು. ಹೂ ಬರುವುದು ಹೊಸ ಚಿಗುರಿನಲ್ಲಿ. ಒಂದು ಸಲ ಹೂ ಮುಗಿದೊಡನೆ ಸವರಿದರೆ ಬೇಲಿಯೂ ದಟ್ಟವಾಗುತ್ತದೆ. ಸವರಿದ ಮುಳ್ಳುಕಡ್ಡಿಗಳನ್ನು ಅಂದೇ ಆರಿಸಿ ಒಂದೆಡೆ ಹಾಕಿರಿ. ಬರಿಗಾಲಿನಲ್ಲಿ ಕಳೆ ತೆಗೆಯುವವರು ಅದೇ ಬದುವಿನ ಮೇಲೆ ನಡೆಯಬೇಕು.