ಮೆಣಸಿನ ಕಾಳು ಮೊಳೆಯುವುದು ಯಾವಾಗ?



ಅಡಿಗೆ ಮನೆಯ ಡಬ್ಬಿಯಿಂದ ಒಂದು ಹಿಡಿ ಕಾಳುಮೆಣಸನ್ನು ತೆಗೆದು ಮಣ್ಣಿನಲ್ಲಿ ಹಾಕಿ ಪ್ರತಿದಿನ ನೀರೆರೆಯಿರಿ. ಒಂದು ತಿಂಗಳು ಕಾದರೂ ಏನೂ ಹುಟ್ಟುವುದಿಲ್ಲ. ಎರಡು ತಿಂಗಳು ಕಾದರೆ ಕಾಳು ಕೊಳೆತಿರುತ್ತದೆ. ಅದೇ ಡಬ್ಬಿಯ ಪಕ್ಕದಲ್ಲಿರುವ ಒಣಮೆಣಸಿನಕಾಯಿಯನ್ನು ಒಡೆದು ಅದರ ಬೀಜವನ್ನು ಬಿತ್ತಿರಿ. ಎಂಟು ಹತ್ತು ದಿನಗಳಲ್ಲಿ ಸಸಿಗಳು ತಲೆಯೆತ್ತುವುದನ್ನು ಕಾಣಬಹುದು. ಎರಡಕ್ಕೂ ನಾವು ‘ಮೆಣಸು’ ಎನ್ನುತ್ತೇವೆ, ಎರಡೂ ಖಾರ, ಎರಡೂ ಒಣಗಿಸಿದ್ದು. ಆದರೂ ಒಂದು ಮೊಳೆಯುತ್ತದೆ, ಇನ್ನೊಂದು ಮೊಳೆಯುವುದಿಲ್ಲ. ಏಕೆ?

ಹೆಸರು ಒಂದು, ಗಿಡ ಬೇರೆ

ಮೆಣಸಿನಕಾಯಿ ಬದನೆ, ಟೊಮೆಟೊಗಳ ಕುಟುಂಬಕ್ಕೆ ಸೇರಿದ ಗಿಡ. ಅದರ ತವರು ಅಮೆರಿಕ ಖಂಡ. ಪೋರ್ಚುಗೀಸರು ಬಂದ ಮೇಲೆ ಅದು ನಮ್ಮ ನಾಡಿಗೆ ಬಂದಿತು. ಕರಿಮೆಣಸು ಹಾಗಲ್ಲ. ಅದು ನಮ್ಮ ಪಶ್ಚಿಮ ಘಟ್ಟದ ಕಾಡಿನಲ್ಲೇ ಹುಟ್ಟಿದ ಬಳ್ಳಿ. ವೀಳ್ಯದೆಲೆ ಮತ್ತು ಹಿಪ್ಪಲಿಯ ಹತ್ತಿರದ ಬಂಧು. ಸಸ್ಯಶಾಸ್ತ್ರಜ್ಞ ಲಿನೇಯಸ್ 1753ರಲ್ಲಿ ಅದಕ್ಕೆ ‘ಪೈಪರ್ ನೈಗ್ರಮ್’ ಎಂದು ಹೆಸರಿಟ್ಟನು. ಕರಾವಳಿಯ ಕೆಲವು ಕಡೆ ಇಂದಿಗೂ ಅದನ್ನು ‘ಒಳ್ಳೆಮೆಣಸು’ ಎಂದೇ ಕರೆಯುತ್ತಾರೆ.

ಹೊನ್ನಾವರದಿಂದ ಕುಮಟಾದ ಕಡೆಗೆ ಹೊರಟರೆ ಮೊದಲು ಸಿಗುವ ಊರುಗಳಲ್ಲಿ ಕರ್ಕಿ ಒಂದು. ಪಶ್ಚಿಮಕ್ಕೆ ಕಡಲು, ಪೂರ್ವಕ್ಕೆ ಗುಡ್ಡಗಳು, ನಡುವೆ ತೆಂಗು ಅಡಿಕೆಯ ತೋಟಗಳು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ. ಮೆಣಸಿನ ಬಳ್ಳಿಗೆ ಬೇಕಾದ ಸೆಕೆ, ತೇವ, ನೆರಳು, ಆಸರೆಯ ಮರ ಎಲ್ಲವೂ ಇಲ್ಲಿವೆ. ಸ್ವಲ್ಪ ದಕ್ಷಿಣಕ್ಕೆ ಶರಾವತಿಯ ಉದ್ದಕ್ಕೂ ಒಳಗೆ ಹೋದರೆ ಗೇರುಸೊಪ್ಪೆ. ಅಲ್ಲಿ ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ‘ಮೆಣಸಿನ ರಾಣಿ’ ಎಂದು ಕರೆದಿದ್ದರು. 1623ರಲ್ಲಿ ಈ ದಾರಿಯಾಗಿ ಇಕ್ಕೇರಿಗೆ ಹೋದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಆ ಹೆಸರನ್ನು ತನ್ನ ಬರಹದಲ್ಲಿ ದಾಖಲಿಸಿದ್ದಾನೆ.

ಡಬ್ಬಿಯ ಕಾಳು ಏಕೆ ಮೊಳೆಯುವುದಿಲ್ಲ?

ಮುಂಗಾರು ಮಳೆ ಬಿದ್ದೊಡನೆ ಬಳ್ಳಿಯಲ್ಲಿ ಎಳೆಯ ತೆನೆಗಳು ಇಳಿಯುತ್ತವೆ. ಒಂದೊಂದು ತೆನೆಯಲ್ಲೂ ಕಣ್ಣಿಗೆ ಕಾಣದಷ್ಟು ಚಿಕ್ಕ ಹೂಗಳು ಹತ್ತಾರು ಇರುತ್ತವೆ. ಆ ಹೂಗಳು ಕಾಯಾಗಿ ಬಲಿಯಲು ಆರರಿಂದ ಎಂಟು ತಿಂಗಳು ಬೇಕು. ತೆನೆಯಲ್ಲಿ ಒಂದೆರಡು ಕಾಳು ಹಳದಿಯಾಗಿ ಕೆಂಪಿಗೆ ತಿರುಗಿದೊಡನೆ ರೈತರು ಇಡೀ ತೆನೆಯನ್ನು ಕೊಯ್ಯುತ್ತಾರೆ. ಅಂದರೆ ಉಳಿದ ಕಾಳುಗಳು ಇನ್ನೂ ಹಸಿರು. ಅವನ್ನು ಬಿಸಿಲಿನಲ್ಲಿ ಒಣಗಿಸಿದಾಗ ಸಿಪ್ಪೆಯಲ್ಲಿರುವ ಕಿಣ್ವಗಳ ಕ್ರಿಯೆಯಿಂದ ಕಾಳು ಕಪ್ಪಾಗುತ್ತದೆ, ಸುಕ್ಕುಗಟ್ಟುತ್ತದೆ. ಒಣಗಿಸುವ ಮುನ್ನ ಒಂದು ನಿಮಿಷ ಕುದಿಯುವ ನೀರಿನಲ್ಲಿ ಅದ್ದುವ ಪದ್ಧತಿಯೂ ಇದೆ.

ಈಗ ಕಾರಣ ಸ್ಪಷ್ಟವಾಯಿತಲ್ಲವೆ? ಮೊದಲನೆಯದಾಗಿ, ಡಬ್ಬಿಯ ಕಾಳಿನೊಳಗಿನ ಭ್ರೂಣ ಪೂರ್ತಿ ಬಲಿತಿಲ್ಲ. ಎರಡನೆಯದಾಗಿ, ಅದು ಒಣಗಿದೆ. ಬತ್ತ, ಅವರೆ, ಮೆಣಸಿನಕಾಯಿಯ ಬೀಜಗಳು ಒಣಗಿದರೂ ಜೀವ ಹಿಡಿದುಕೊಂಡು ನಿದ್ರಿಸುತ್ತವೆ. ನೀರು ಸಿಕ್ಕಾಗ ಏಳುತ್ತವೆ. ಕರಿಮೆಣಸಿನ ಬೀಜಕ್ಕೆ ಆ ನಿದ್ರೆ ತಿಳಿಯದು. ಹಲಸು, ಮಾವು, ಕೋಕೋ ಬೀಜಗಳಂತೆ ಅದೂ ಒಳಗಿನ ತೇವ ಕಳೆದುಕೊಂಡರೆ ಸಾಯುತ್ತದೆ. ಬೇಸಗೆಯಲ್ಲಿ ಕಾಯಿ ಬಿಟ್ಟು ಸತ್ತುಹೋಗುವ ಗಿಡಕ್ಕೆ ಮುಂದಿನ ಮಳೆಯವರೆಗೆ ಕಾಯುವ ಬೀಜ ಬೇಕು. ವರ್ಷವಿಡೀ ನೆರಳು ತೇವ ಇರುವ ಕಾಡಿನ ಬಳ್ಳಿಗೆ ಅದರ ಅಗತ್ಯ ಬೀಳಲಿಲ್ಲ. ಅಲ್ಲಿ ಹಕ್ಕಿಗಳು ಕೆಂಪು ಹಣ್ಣನ್ನು ತಿಂದು ಬೀಜವನ್ನು ಮರದಡಿಯ ತರಗೆಲೆಯಲ್ಲಿ ಬೀಳಿಸುತ್ತವೆ. ಅದು ಅಲ್ಲೇ ಮೊಳೆಯುತ್ತದೆ.

ನೀವೇ ಮಾಡಿ ನೋಡಿ

ಜನವರಿ, ಫೆಬ್ರುವರಿ ತಿಂಗಳಿನಲ್ಲಿ ತೋಟದವರ ಅನುಮತಿ ಪಡೆದು ಚೆನ್ನಾಗಿ ಕೆಂಪಾದ ಹಣ್ಣುಗಳನ್ನು ತನ್ನಿರಿ. ಅವನ್ನು ಎರಡು ಮೂರು ದಿನ ನೀರಿನಲ್ಲಿ ನೆನೆಯಿಡಿ. ದಿನವೂ ನೀರು ಬದಲಿಸಿ. ಸಿಪ್ಪೆ ಮೆತ್ತಗಾದ ಮೇಲೆ ಕೈಯಿಂದ ಉಜ್ಜಿ ತೊಳೆದರೆ ಒಳಗಿನ ದುಂಡನೆಯ ಬಿಳಿಚಿದ ಬೀಜ ಸಿಗುತ್ತದೆ. ಅದನ್ನು ನೆರಳಿನಲ್ಲಿ ಮೇಲಿನ ನೀರು ಆರುವವರೆಗೆ ಮಾತ್ರ ಹರಡಿ. ಬಿಸಿಲಿಗೆ ಇಡಬಾರದು. ತಡ ಮಾಡದೆ ಬಿತ್ತಬೇಕು.

ಮರಳು, ಮೇಲ್ಮಣ್ಣು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಈ ಮೂರನ್ನೂ ಸಮಪಾಲು ಬೆರೆಸಿ. ತಳದಲ್ಲಿ ತೂತು ಇರುವ ನಾಲ್ಕು ಕುಂಡಗಳಿಗೆ ತುಂಬಿ, ಪ್ರತಿಯೊಂದರಲ್ಲೂ 25 ಬೀಜಗಳನ್ನು ಸುಮಾರು 1 ಸೆಂ.ಮೀ. ಆಳಕ್ಕೆ ಹಾಕಿ.

ಒಂದನೆಯ ಕುಂಡಕ್ಕೆ ಅಂಗಡಿಯ ಕಾಳುಮೆಣಸು.
ಎರಡನೆಯದಕ್ಕೆ ಸಿಪ್ಪೆ ಸಹಿತವಾದ ಕೆಂಪು ಹಣ್ಣು.
ಮೂರನೆಯದಕ್ಕೆ ಸಿಪ್ಪೆ ತೆಗೆದ ಹೊಸ ಬೀಜ.
ನಾಲ್ಕನೆಯದಕ್ಕೆ ಸಿಪ್ಪೆ ತೆಗೆದು ಹದಿನೈದು ದಿನ ಬಿಸಿಲಿನಲ್ಲಿ ಒಣಗಿಸಿದ ಬೀಜ.

ನಾಲ್ಕನ್ನೂ ಒಂದೇ ನೆರಳಿನಲ್ಲಿಟ್ಟು ಒಂದೇ ಅಳತೆಯ ನೀರು ಹಾಕಿ. ಮಣ್ಣು ಒದ್ದೆಯಾಗಿರಬೇಕು, ಕೆಸರಾಗಬಾರದು. ಹೀಗೆ ಬೀಜದ ಸ್ಥಿತಿಯೊಂದನ್ನು ಬಿಟ್ಟು ಉಳಿದದ್ದೆಲ್ಲ ಸಮನಾಗಿದ್ದರೆ ಮಾತ್ರ ಫಲಿತಾಂಶದ ವ್ಯತ್ಯಾಸಕ್ಕೆ ಬೀಜವೇ ಕಾರಣವೆಂದು ಹೇಳಬಹುದು. ಬಿತ್ತಿದ ದಿನದಿಂದ ಲೆಕ್ಕವಿಟ್ಟು ವಾರಕ್ಕೊಮ್ಮೆ ಮೊಳಕೆಗಳನ್ನು ಎಣಿಸಿ ಬರೆದುಕೊಳ್ಳಿ. ನಾಲ್ಕನೆಯ ಕುಂಡವನ್ನು ತಡವಾಗಿ ಬಿತ್ತಿದ್ದರಿಂದ ಅದರ ದಿನಗಳನ್ನು ಬೇರೆಯಾಗಿ ಎಣಿಸಬೇಕು. 25ರಲ್ಲಿ 15 ಮೊಳೆತರೆ ಶೇಕಡಾ 60 ಎಂದು ಲೆಕ್ಕ.

ತಾಳ್ಮೆ ಬೇಕು. ಮೊಳಕೆ ಕಾಣಲು ಸಾಮಾನ್ಯವಾಗಿ ಒಂದು ತಿಂಗಳಿನಿಂದ ಒಂದೂವರೆ ತಿಂಗಳು ಹಿಡಿಯುತ್ತದೆ. ಒಂದು ಬೀಜವನ್ನು ಉದ್ದಕ್ಕೆ ಸೀಳಿ ಭೂತಗನ್ನಡಿಯಲ್ಲಿ ನೋಡಿದರೆ ಕಾರಣ ತಿಳಿಯುತ್ತದೆ. ಬೀಜದ ಬಹುಭಾಗ ಬಿಳಿಯ ಆಹಾರ ಸಂಗ್ರಹ. ಭ್ರೂಣ ತುದಿಯಲ್ಲಿ ಒಂದು ಚುಕ್ಕೆಯಷ್ಟೇ. ಆ ಚುಕ್ಕೆ ಮೊದಲು ಬೀಜದೊಳಗೇ ಬೆಳೆಯಬೇಕು, ಆಮೇಲೆ ಹೊರಬರಬೇಕು. ಮೊದಲು ಬೇರು, ಅನಂತರ ಎರಡು ಪುಟ್ಟ ಬೀಜದಳಗಳು, ಆಮೇಲೆ ಹೃದಯದಾಕಾರದ ಎಲೆ. ನಾಲ್ಕೈದು ಎಲೆಗಳಾದಾಗ ಬೇರಿಗೆ ಪೆಟ್ಟಾಗದಂತೆ ಬೇರೆ ಬೇರೆ ಚೀಲಗಳಿಗೆ ಬದಲಾಯಿಸಿ.

ಹಾಗಾದರೆ ರೈತರು ಬೀಜವನ್ನೇಕೆ ಬಿತ್ತುವುದಿಲ್ಲ?

ತೋಟದಲ್ಲಿ ಯಾರೂ ಬೀಜದಿಂದ ಮೆಣಸು ಬೆಳೆಸುವುದನ್ನು ನೀವು ನೋಡಿರಲಾರಿರಿ. ಬಳ್ಳಿಯ ಬುಡದಿಂದ ನೆಲದ ಮೇಲೆ ಹರಿಯುವ ಹಂಬನ್ನು ಕತ್ತರಿಸಿ, ಎರಡು ಮೂರು ಗೆಣ್ಣಿನ ತುಂಡುಗಳನ್ನು ಫೆಬ್ರುವರಿ, ಮಾರ್ಚ್ ತಿಂಗಳಲ್ಲಿ ಚೀಲದಲ್ಲಿ ನೆಡುತ್ತಾರೆ. ಮಳೆಗಾಲದ ಹೊತ್ತಿಗೆ ಗಿಡ ಸಿದ್ಧ. ಅದನ್ನು ಆಸರೆಯ ಮರದ ಉತ್ತರ ದಿಕ್ಕಿಗೆ, ಬುಡದಿಂದ ಒಂದಡಿ ದೂರದಲ್ಲಿ ನೆಡುತ್ತಾರೆ. ಮೂರನೆಯ ವರ್ಷಕ್ಕೆ ಫಸಲು ಆರಂಭ. ಬೀಜದ ಸಸಿಯಾದರೆ ಆರೇಳು ವರ್ಷ ಕಾಯಬೇಕು.

ಕಾಯುವುದಷ್ಟೇ ಕಷ್ಟವಲ್ಲ. ಹಂಬಿನ ಗಿಡ ತಾಯಿಬಳ್ಳಿಯ ಪ್ರತಿರೂಪ. ತಾಯಿ ಚೆನ್ನಾಗಿ ಬಿಟ್ಟರೆ ಮಗುವೂ ಬಿಡುತ್ತದೆ. ಬೀಜದಲ್ಲಿ ಪರಾಗ ಮತ್ತು ಅಂಡ ಎರಡರ ವರ್ಣತಂತುಗಳೂ ಹೊಸ ರೀತಿಯಲ್ಲಿ ಸೇರಿರುತ್ತವೆ. ಆದ್ದರಿಂದ ಒಂದೇ ತೆನೆಯ ಹತ್ತು ಬೀಜಗಳಿಂದ ಹತ್ತು ಬಗೆಯ ಬಳ್ಳಿಗಳು ಹುಟ್ಟಬಹುದು. ಕೆಲವು ಫಲವನ್ನೇ ಕೊಡದ ಗಂಡುಬಳ್ಳಿಗಳೂ ಆಗಬಹುದು. ಕಾಡುಮೆಣಸಿನಲ್ಲಿ ಗಂಡು ಹೆಣ್ಣು ಬಳ್ಳಿಗಳು ಸಾಮಾನ್ಯವಾಗಿ ಬೇರೆ ಬೇರೆಯೇ.

ಬೀಜದ ಬೆಲೆ ತಿಳಿಯುವುದು ಬಳ್ಳಿ ಸತ್ತಾಗ

ಪ್ರತಿರೂಪಕ್ಕೆ ಒಂದು ದೊಡ್ಡ ಅಪಾಯವಿದೆ. ತಾಯಿಯ ದೌರ್ಬಲ್ಯವೂ ಎಲ್ಲ ಮಕ್ಕಳಿಗೂ ಬರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ‘ಫೈಟಾಫ್ತೊರ’ ಎಂಬ ಸೂಕ್ಷ್ಮಜೀವಿ ಮಣ್ಣಿನ ನೀರಿನಲ್ಲಿ ಈಜುತ್ತಾ, ಹನಿಗಳ ಜೊತೆ ಸಿಡಿದು ಕೆಳಗಿನ ಎಲೆಗಳಿಗೆ ಹತ್ತುತ್ತದೆ. ಎಲೆಯಲ್ಲಿ ಕಪ್ಪು ಮಚ್ಚೆ, ಆಮೇಲೆ ಬುಡ ಕೊಳೆತ. ಎರಡು ಮೂರು ವಾರಗಳಲ್ಲಿ ಹತ್ತು ವರ್ಷದ ಬಳ್ಳಿ ಜೋತುಬೀಳುತ್ತದೆ. ಇದೇ ಶೀಘ್ರ ಸೊರಗು ರೋಗ. ಮಳೆಗೆ ಮುಂಚೆ ನೆಲದ ಹಂಬುಗಳನ್ನು ಎತ್ತಿ ಕಟ್ಟುವುದು, ನೀರು ಬಸಿದುಹೋಗುವಂತೆ ಮಾಡುವುದು, ಶೇಕಡಾ 1ರ ಬೋರ್ಡೋ ದ್ರಾವಣ ಸಿಂಪಡಿಸುವುದು ಇವೆಲ್ಲ ರೈತರು ಮಾಡುವ ರಕ್ಷಣೆ. ಈ ರೋಗ ತಾಳುವ ಬ್ರೆಜಿಲಿನ ಹಿಪ್ಪಲಿಯ ಬುಡಕ್ಕೆ ಮೆಣಸನ್ನು ಕಸಿ ಕಟ್ಟುವವರೂ ಇದ್ದಾರೆ. ಆದರೆ ತಾನಾಗಿಯೇ ರೋಗ ತಾಳಬಲ್ಲ ಹೊಸ ಮೆಣಸಿನ ಬಳ್ಳಿ ಬೇಕೆಂದರೆ? ಅದನ್ನು ಹಂಬಿನಲ್ಲಿ ಹುಡುಕಿ ಫಲವಿಲ್ಲ. ಹೊಸ ಗುಣ ಬರುವ ಮುಖ್ಯ ದಾರಿ ಬೀಜ.

ಕೇರಳದ ಪನ್ನಿಯೂರು ಸಂಶೋಧನಾ ಕೇಂದ್ರದಲ್ಲಿ ‘ಉತಿರಂಕೊಟ್ಟ’ ಮತ್ತು ‘ಚೆರಿಯಕಣಿಯಕ್ಕಾಡನ್’ ಎಂಬ ಎರಡು ತಳಿಗಳನ್ನು ಸಂಕರಿಸಿ, ಅದರಿಂದ ಬಂದ ಬೀಜಗಳನ್ನು ಮೊಳೆಯಿಸಿ, ಸಸಿಗಳನ್ನು ವರ್ಷಗಟ್ಟಲೆ ಪರೀಕ್ಷಿಸಿ ಆರಿಸಿದ್ದೇ ‘ಪನ್ನಿಯೂರು-1’. ಅದು ಪ್ರಪಂಚದ ಮೊದಲ ಸಂಕರ ಮೆಣಸು. ಉದ್ದ ತೆನೆ, ದಪ್ಪ ಕಾಳು. ಆದರೆ ದಟ್ಟ ನೆರಳು ಅದಕ್ಕೆ ಒಗ್ಗದು, ಸೊರಗು ರೋಗಕ್ಕೂ ಅದು ಬಗ್ಗುತ್ತದೆ. ಕೋಳಿಕ್ಕೋಡಿನ ಭಾರತೀಯ ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆಯು ‘ಪೆರಂಬ್ರಮುಂಡಿ’ ತಳಿಯ ಬೀಜದ ಸಸಿಗಳ ನಡುವೆ ಸೊರಗು ರೋಗವನ್ನು ತಾಳುವ ಒಂದನ್ನು ಗುರುತಿಸಿತು. ಅದೇ ‘ಐಐಎಸ್‌ಆರ್ ಶಕ್ತಿ’. ಒಂದು ಬೀಜದಿಂದ ಬಂದ ಒಂದು ಬಳ್ಳಿ. ಇಂದು ಅದರ ಹಂಬುಗಳು ಅನೇಕ ತೋಟಗಳಲ್ಲಿವೆ. ನೋಡಿ, ಬೀಜ ಹೊಸದನ್ನು ಹುಟ್ಟಿಸುತ್ತದೆ, ಹಂಬು ಒಳ್ಳೆಯದನ್ನು ಉಳಿಸುತ್ತದೆ.

ಆದರೆ ಬೀಜ ಹೊಸದನ್ನು ಕೊಡಬೇಕಾದರೆ ಹಳೆಯ ಬಳ್ಳಿಗಳು ಉಳಿದಿರಬೇಕು. ಉತ್ತರ ಕನ್ನಡದ ತೋಟಗಳಲ್ಲಿ ಮಲ್ಲಿಗೆಸರ, ಉದ್ದಗರ ಮೊದಲಾದ ನಾಡತಳಿಗಳಿವೆ. ಒಂದು ಮಳೆಗಾಲದಲ್ಲಿ ಇಂತಹ ಬಳ್ಳಿ ಸತ್ತು, ಅದರ ಜಾಗಕ್ಕೆ ನರ್ಸರಿಯ ಒಂದೇ ಬಗೆಯ ಗಿಡ ಬಂದರೆ, ಆ ತಳಿಯ ಗುಣಗಳೂ ಅದರೊಂದಿಗೆ ಹೋಗುತ್ತವೆ. ಒಣಗಿದರೆ ಸಾಯುವ ಈ ಬೀಜವನ್ನು ಬತ್ತದಂತೆ ಕಣಜದಲ್ಲಿಟ್ಟು ಕಾಪಾಡಲೂ ಬರುವುದಿಲ್ಲ. ಮೆಣಸಿನ ಬೀಜದ ಕಣಜವೆಂದರೆ ಬದುಕಿರುವ ಬಳ್ಳಿಯೇ.

ಆದುದರಿಂದ ಕುಂಡಗಳ ಪ್ರಯೋಗದ ಜೊತೆಗೆ ಇನ್ನೊಂದು ಕೆಲಸ ಮಾಡಿ. ನಿಮ್ಮ ಮನೆಯ ಅಥವಾ ನೆರೆಯ ತೋಟದಲ್ಲಿರುವ ಮೆಣಸಿನ ಬಳ್ಳಿಗಳ ಹೆಸರನ್ನು ಹಿರಿಯರಿಂದ ಕೇಳಿ ಬರೆದುಕೊಳ್ಳಿ. ಯಾವ ಮರಕ್ಕೆ ಯಾವ ಬಳ್ಳಿ, ತೆನೆ ಎಷ್ಟು ಉದ್ದ, ಕಳೆದ ಮಳೆಗಾಲದಲ್ಲಿ ಪಕ್ಕದ ಬಳ್ಳಿ ಸತ್ತರೂ ಉಳಿದುಕೊಂಡದ್ದು ಯಾವುದು ಎಂಬುದನ್ನು ಗುರುತುಹಾಕಿ. ಹಾಗೆ ಉಳಿದ ಬಳ್ಳಿಯಿಂದ ಮೇ ತಿಂಗಳೊಳಗೆ ನಾಲ್ಕು ಹಂಬುಗಳನ್ನು ಚೀಲದಲ್ಲಿ ನೆಟ್ಟು, ಹೆಸರು ಬರೆದ ಚೀಟಿ ಕಟ್ಟಿಡಿ. ಮೊದಲ ಮಳೆ ಬಿದ್ದಾಗ ಅವನ್ನು ಬೇರೆ ಬೇರೆ ಮರಗಳಿಗೆ ಹಬ್ಬಿಸಬಹುದು.